ಎರಡು ಕಂಬಗಳ ಸಾಕ್ಷಿ

ಕೆಂಗಲ್ಲಾಪುರ, ೨೩೧೨ನೇ ಇಸವಿ, ಯುಗಾದಿಯ ಮರುದಿನ

ನಾನು ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು ಬಾಳಿದ ಹಿರಿಯರಿಗೆ ಈರಮ್ಮನ ಶರಣು. ಕೆಲವು ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಅದಿರು ಅಗೆದು ಹೋದ ಮೇಲೆ ನಮ್ಮೂರು ಮೂರು ತಲೆಮಾರು ಖಾಲಿ ಬಿದ್ದಿತ್ತು. ಕಣ್ಣಿಗೆ ಕಾಣುವ ಕೆಂಧೂಳಲ್ಲ, ಕಾಣದ ಸಣ್ಣ ಧೂಳು ಎದೆಗಿಳಿದು ಜನರನ್ನು ತಿಂದಿತು. ಗುಡ್ಡಕ್ಕೆ ಮತ್ತೆ ಹುಲ್ಲು ಹಬ್ಬಿಸಿ ನಾವು ದೂರದ ಬಿಡಾರದಲ್ಲಿ ಕಾಯುತ್ತಿದ್ದೆವು. ಹಿಂದಿರುಗಲು ಕಾನೂನು ಒಂದೇ: ಊರೊಳಗಿನ ಎರಡು ಕಂಬಗಳ ಮೇಲಿನ ಎರಡು ಬಗೆಯ ಯಂತ್ರಗಳು ಸತತ ಮೂರು ತಿಂಗಳು ಗಾಳಿ ಶುದ್ಧವೆಂದು ಒಪ್ಪಬೇಕು. ಒಂದು ಜರಡಿಗೂಡು. ತಟ್ಟೆಯ ಕೆಳಗೆ ತಟ್ಟೆ. ದಪ್ಪ ಧೂಳು ಮೇಲುಳಿದು ನವುರಾದದ್ದು ಕೆಳಗಿಳಿಯುತ್ತದೆ, ಒಂದೊಂದನ್ನೂ ತೂಗುತ್ತೇವೆ. ಇನ್ನೊಂದು ಬೆಳಕುಗಣ್ಣು, ಹಾದುಹೋಗುವ ಕಣಗಳ ಗಾತ್ರ ನೋಡಿ ಎಣಿಸುವ ಹೊಸ ಯಂತ್ರ. ಪಾಳಿಯ ಮೇಲೆ ಊರಿಗೆ ಹೋಗಿ ಯಂತ್ರ ನೋಡಿಕೊಳ್ಳುವವರು ತರುವ ಎರಡೂ ಲೆಕ್ಕಗಳನ್ನು ಹೋಲಿಸಿ ನೋಡುವವಳು ನಾನು.

ಮಗಳು ಗಂಗಿ ಬಸುರಿ. ಊರಿನ ಮೊದಲ ಕೂಸು ಊರಲ್ಲೇ ಹುಟ್ಟಲಿ ಎಂದು ಇಡೀ ಬಿಡಾರ ಹಂಬಲಿಸುತ್ತಿತ್ತು. ಜರಡಿಗೂಡು ಸೈ ಎಂದಿತು. ಬೆಳಕುಗಣ್ಣು ಮಾತ್ರ ಬೆಳಗಾದರೆ ಸಾಕು, ಸಣ್ಣ ಧೂಳೆಂದು ಬೊಬ್ಬೆ ಹೊಡೆಯುತ್ತಿತ್ತು. ನಾನು ಅದಕ್ಕೆ ಹಿಡಿಶಾಪ ಹಾಕಿದೆ. ಗಂಗಿ ನಕ್ಕಳು: “ಯವ್ವಾ, ಪಾಳಿಯವರು ದಿನಾ ಮುಂಜಾನೆ ಅದರ ಮೂಗಿಗೆ ಊದಿನಕಡ್ಡಿ ಹಿಡೀತಾರ. ಆ ಹೊಗಿ ಅದು ಎಣಸಂಗಿಲ್ಲೇನು?”

ನಿಜ! ಆಯುಧಪೂಜೆಯಂದು ಶುರುವಾದ ಭಕ್ತಿ ನಿತ್ಯದ ಪದ್ಧತಿಯಾಗಿತ್ತು. ಪೂಜೆಯೆಲ್ಲ ಹೊಸ ಯಂತ್ರಕ್ಕೆ. ಪಾಪ, ಹಳೆಯ ಜರಡಿಗೂಡಿಗೆ ಕುಂಕುಮವೂ ಇಲ್ಲ.

ಕಡ್ಡಿ ಹಚ್ಚುವುದನ್ನು ನಿಲ್ಲಿಸಿದೆವು, ಎರಡೂ ಒಂದೇ ಮಾತಾಡಿದವು. ಹೊಗೆಯ ದಿನಗಳನ್ನು ಬಿಟ್ಟು ಲೆಕ್ಕ ಮುಗಿಸಿ ಎಂದು ಅಧಿಕಾರಿಗಳೇ ಹೇಳಿದರು. ಬಿಡಾರದ ಸಭೆ ಒಪ್ಪಲಿಲ್ಲ. ಬೇಡದ ದಿನ ಬಿಟ್ಟು ಬೇಕಾದ ದಿನ ಇಟ್ಟುಕೊಳ್ಳುವುದಾದರೆ ಅಳತೆ ಯಾತಕ್ಕೆ? ಮೂರು ತಿಂಗಳು ಮತ್ತೆ ಮೊದಲಿನಿಂದ ಎಂದರು. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಎಂಟು ತಿಂಗಳ ಬಸುರಿ ಗಂಗಿ. ಕೂಸು ಊರಲ್ಲಿ ಹುಟ್ಟುವ ಆಸೆ ಅಲ್ಲಿಗೇ ಮುಗಿಯಿತು, ಆದರೂ ಹೆಮ್ಮೆಯಿಂದ ನಾನೂ ಕೈ ಎತ್ತಿದೆ. ಇಂಥ ಜನ ನನ್ನವರು.

ಕೂಸು ಬಿಡಾರದಲ್ಲೇ ಹುಟ್ಟಿತು.

ನನ್ನ ಬಿನ್ನಹ ಇಷ್ಟೆ. ನಿಮಗೆ ಹಿತವಾದ ಉತ್ತರ ಹೇಳುವ ಯಂತ್ರ ಸಿಕ್ಕಾಗ ಅದರ ಪಕ್ಕದಲ್ಲಿ ಇನ್ನೊಂದು ಕಂಬ ನೆಡಿ. ನಿನ್ನೆ ನಾವೆಲ್ಲ ಊರಿಗೆ ಬಂದೆವು. ಗಂಗಿ ಕೂಸನ್ನು ಎರಡು ಕಂಬಗಳ ನಡುವಿನ ಬಯಲಲ್ಲಿ ಮಲಗಿಸಿ, ಮೂಗಿನ ಮೇಲಿನ ಬಟ್ಟೆ ತೆಗೆದಳು. ಕೂಸು ಎದೆ ತುಂಬ ಉಸಿರೆಳೆದು ನಿದ್ದೆಹೋಯಿತು.