ಬೆನ್ನ ಹಿಂದಿನ ಚಪ್ಪಾಳೆ

ಅಣ್ಣಾ,

ಇದು ನಿನ್ನ ಕೈಸೇರುವುದಿಲ್ಲ, ಗೊತ್ತು. ನೀನು ಹೋದ ಮೇಲೆ ನಿನ್ನ ತಂಡಕ್ಕೆ ನಾನೇ ಕೋಚ್. ನಿನ್ನ ಸೀಟಿ ನನ್ನ ಕೊರಳಲ್ಲಿದೆ. ಊದುವುದು ಮಾತ್ರ ನನ್ನದನ್ನೇ.

ನಾವಿಬ್ಬರೂ ಒಂದೇ ಕ್ಲಬ್ಬಿಗೆ ಸಂಬಳಕ್ಕೆ ಫುಟ್‌ಬಾಲ್ ಆಡುತ್ತಿದ್ದಾಗ ನೀನು ಚೆಂಡಿಗಾಗಿ ಎಂದೂ ಕೂಗಿದವನಲ್ಲ. ನನ್ನ ಬೆನ್ನ ಹಿಂದೆ ಎರಡು ಚಪ್ಪಾಳೆ ತಟ್ಟುತ್ತಿದ್ದೆ, ನಾನು ತಿರುಗಿಯೂ ನೋಡದೆ ಹಿಮ್ಮಡಿಯಿಂದ ಚೆಂಡು ತಳ್ಳುತ್ತಿದ್ದೆ. ಎದುರಾಳಿಗಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಇವತ್ತು ಸಂಜೆ ಅಭ್ಯಾಸದ ಹೊತ್ತಿಗೆ ಚೆಂಡೊಂದು ಉರುಳಿಕೊಂಡು ನನ್ನ ಕಾಲ ಬಳಿ ಬಂತು. ಹಿಂದಿನಿಂದ ಎರಡು ಚಪ್ಪಾಳೆ ಕೇಳಿಸಿತು. ಹಾಳಾದ ಕಾಲು ನನ್ನನ್ನು ಕೇಳಬೇಕಲ್ಲ, ತಳ್ಳಿಯೇಬಿಟ್ಟಿತು. ತಿರುಗಿದರೆ, ಮೈದಾನಕ್ಕೆ ಗೆರೆ ಎಳೆಯುವವನು ಕೈಗಂಟಿದ ಸುಣ್ಣ ಕೊಡವುತ್ತ ನಿಂತಿದ್ದ. ಚೆಂಡು ಅವನನ್ನು ದಾಟಿ ಬೇಲಿಯವರೆಗೂ ಹೋಯಿತು.

“ಏನ್ ಸಾರ್, ಸುಣ್ಣದವನನ್ನೂ ಟೀಮಿಗೆ ತಗೊಂಡ್ರಾ?” ಅಂದ ಗೋಲ್‌ಕೀಪರ್. ಎಲ್ಲರೂ ನಕ್ಕರು, ನಾನೂ ನಕ್ಕೆ.

“ಇರಿ ಸಾರ್, ನಾನ್ ತರ್ತೀನಿ” ಅಂತ ಸುಣ್ಣದವನು ಹೊರಟ. ಬೇಡವೆಂದೆ.

ನಿನಗೆ ಕೊಟ್ಟ ಚೆಂಡನ್ನು ನಾನೇ ಹೋಗಿ ತರಬೇಕಾಗಿ ಬಂದದ್ದು ಇದೇ ಮೊದಲು, ಅಣ್ಣಾ. ಬೇಲಿ ಅಷ್ಟು ದೂರವಿದೆ ಎಂದು ನನಗೆ ಗೊತ್ತಿರಲಿಲ್ಲ.