ನೀಲಿ ಕವರಿನ ರೆಕಾರ್ಡು

ಶಿಕಾಗೊ, ಸೌತ್ ಸೈಡ್
ಫೆಬ್ರವರಿ ೧೯೬೪, ಮಂಗಳವಾರ

ವರ್ಡೆಲ್‌ಗೆ,

ಮೇಲೆ 'ಪ್ರೀತಿಯ' ಅಂತ ಸೇರಿಸಬೇಕೆಂದು ಚರ್ಚಿನ ಸಂಜೆ ಶಾಲೆಯಲ್ಲಿ ಕಲಿಸಿದ್ದರು. ಕೈ ಬರಲಿಲ್ಲ, ಬಿಟ್ಟೆ. ನೀನು ಮಾತ್ರ ನಿನ್ನ ಕಾಗದದ ತುಂಬಾ ನನ್ನನ್ನು 'ಅಕ್ಕಾ, ಅಕ್ಕಾ' ಅಂದಿದ್ದೀಯ. ಯಾವ ಹೊಟ್ಟೆಯಲ್ಲಿ ಹುಟ್ಟಿದ ಅಕ್ಕನಮ್ಮಾ ನಾನು ನಿನಗೆ? ಗಂಡನನ್ನು ಕರೆದುಕೊಂಡು ಹೋದ ಮೇಲೆ ಅವನ ಹೆಂಡತಿಯ ಹತ್ತಿರ ನಂಟು ಬೆಳೆಸಲು ಬಂದವಳನ್ನು ನಿನ್ನೊಬ್ಬಳನ್ನೇ ಕಂಡೆ.

ಕ್ಲಿಯೋಫಸ್‌ನ ಹುಟ್ಟುಹಬ್ಬ ಬಂತು, ಆ ನೀಲಿ ಕವರಿನ ರೆಕಾರ್ಡು ಕಳಿಸಿಕೊಡಿ ಅಂತ ಕೇಳಿದ್ದೀಯ. ದಿನಾ ಸಂಜೆ ಖಾಲಿ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನಂತೆ, ನಿನಗೆ ನೋಡಲಾಗುವುದಿಲ್ಲವಂತೆ. ನೋಡಲಾಗದಿದ್ದರೆ ಕಿಟಕಿಯ ಕಡೆ ತಿರುಗಿಕೊ.

ರೆಕಾರ್ಡು ಇಲ್ಲೇ ಹೇಗೆ ಉಳಿಯಿತು ಅಂತ ಅವನು ನಿನಗೆ ಹೇಳಿರಲಾರ. ಎಲೆ ಉದುರುವ ಕಾಲದಲ್ಲಿ ಒಂದು ದಿನ, ನಾನು ಲಾಂಡ್ರಿಯಲ್ಲಿ ಅವರಿವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೊತ್ತು ನೋಡಿ, ತನ್ನ ತಮ್ಮನನ್ನು ಟ್ರಕ್ಕಿನ ಸಮೇತ ಕರೆತಂದು ರೆಕಾರ್ಡಿನ ಪೆಟ್ಟಿಗೆಗಳನ್ನೆಲ್ಲ ಕೆಳಗಿಳಿಸಿದ. ಕೆಳಗಿನ ಮನೆಯ ಲೂವೀನಿಯಾ ಮೆಟ್ಟಿಲ ಹತ್ತಿರ ನಿಂತು, "ಏನಯ್ಯಾ, ಹೆಂಡ್ತೀನ ಬಿಟ್ಟು ರೆಕಾರ್ಡ್ ಹೊತ್ಕೊಂಡ್ ಹೊಂಟಿದ್ದೀಯ, ಅವೇನು ಬೇಯಿಸಿ ಹಾಕ್ತಾವಾ ನಿಂಗೆ?" ಅಂದಳಂತೆ. "ಇವು ಗೊಣಗಿದ್ರೆ ಮುಳ್ಳು ಎತ್ತಿದ್ರೆ ಸಾಕು ಕಣಕ್ಕಾ, ಬಾಯಿ ಮುಚ್ಕೋತಾವೆ," ಅಂತ ಇವನು ನಕ್ಕನಂತೆ. ಆ ಅವಸರದಲ್ಲಿ ಕವರನ್ನು ಪೆಟ್ಟಿಗೆಗೆ ತುಂಬಿದ, ಒಳಗೆ ಏನಾದರೂ ಇದೆಯಾ ಅಂತ ನೋಡಲಿಲ್ಲ. ರೆಕಾರ್ಡು ಹಿಂದಿನ ಭಾನುವಾರದಿಂದ ಹಾಡಿಸುವ ಯಂತ್ರದ ಮೇಲೇ ಇತ್ತು, ಮುಚ್ಚಳದ ಕೆಳಗೆ. ಯಂತ್ರ ಬೀರುವಿನಷ್ಟು ಭಾರ, ಅವರಿಬ್ಬರಿಂದ ಎತ್ತಲಾಗಲಿಲ್ಲ. ಹಾಗಾಗಿ ಎರಡೂ ನನಗೆ ಉಳಿದವು.

ಇನ್ನು 'ಅವರ ರೆಕಾರ್ಡುಗಳು' ಅಂತ ಬರೆದಿದ್ದೀಯಲ್ಲ. ಪೆಟ್ಟಿಗೆಯಿಂದ ಯಾವುದನ್ನಾದರೂ ತೆಗೆದು ಅದರ ನಡುವೆ ಅಂಟಿಸಿದ ದುಂಡು ಕಾಗದವನ್ನು ದೀಪಕ್ಕೆ ಹಿಡಿ. ಅವನ ಹೆಸರು ದೊಡ್ಡದಾಗಿ ಇರುತ್ತದೆ. ಒಂದು ಕಡೆ ಶಾಯಿ ಹಿಡಿಯದೆ ಅಕ್ಷರ ತುಂಡಾಗಿರುತ್ತದೆ. ಅಲ್ಲಿ ಕೆಂಪು ಚುಕ್ಕೆ ಕಾಣುತ್ತದೆ. ಅದು ನನ್ನ ಉಗುರಿನ ಬಣ್ಣ. ಆಗೆಲ್ಲ ಶನಿವಾರ ಯಾರದಾದರೂ ಮನೆಯಲ್ಲಿ ಕುಣಿತ ಇರುತ್ತಿತ್ತು, ಎಲ್ಲರೂ ತಮ್ಮ ತಮ್ಮ ರೆಕಾರ್ಡು ತರುತ್ತಿದ್ದರು, ಬೆರಕೆಯಾಗದಿರಲೆಂದು ಹೆಸರು ಬರೆದಿರುತ್ತಿದ್ದರು. ಕ್ಯಾರೊಲೈನಾದಲ್ಲಿ ಚಿಕ್ಕಂದಿನಲ್ಲೇ ಹೊಗೆಸೊಪ್ಪು ಕಟ್ಟಲು ಶಾಲೆ ಬಿಡಿಸಿದ ಮೇಲೆ ನಾನು ಮತ್ತೆ ಹೋಗಿರಲಿಲ್ಲ, ನನಗೆ ಬರುತ್ತಿದ್ದದ್ದು ಚುಕ್ಕೆಯೊಂದೇ. "ಕೋಳಿಮರಿಗೆ ಬಣ್ಣ ಹಚ್ಚಿದಂಗಿದೆ ಕಣೇ, ನೋಡಿದೋರು ನಗ್ತಾರೆ," ಅಂತ ಮದುವೆಯಾದ ವರ್ಷ ಕೂತು ಎಲ್ಲದರ ಮೇಲೂ ತನ್ನ ಹೆಸರು ಬರೆದ. ಚುಕ್ಕೆ ಇರುವುದೆಲ್ಲ ನನ್ನದು. ಇಲ್ಲದ್ದನ್ನು ಅವನೇ ಇಟ್ಟುಕೊಳ್ಳಲಿ.

ಈಗ ನನಗೆ ಇನ್ನೊಂದು ಹೆದರಿಕೆ. ಎಲ್ಲಿ ಇಟ್ಟಿದ್ದೀರಿ ಅವನ್ನು? ಅವನು ಮನೆ ಬಿಸಿಮಾಡುವ ಕೊಳವೆಯ ಪಕ್ಕದಲ್ಲೇ ಇಟ್ಟಿರುತ್ತಾನೆ, ಬಾಣಲೆಯಲ್ಲಿ ಕರಿದ ಹಂದಿಮಾಂಸದ ಚೂರಿನಂತೆ ಸೊಟ್ಟಗಾಗುತ್ತವೆ. ನಿಲ್ಲಿಸಿಡು, ಮಲಗಿಸಬೇಡ. ಕರಿದ ಕೋಳಿ ತಿಂದ ಕೈಯಲ್ಲಿ ಅವನು ಅವನ್ನು ಮುಟ್ಟದಂತೆ ನೋಡಿಕೊ. ನನ್ನವನ್ನು ವಾಪಸು ಕೊಡುವ ಮನಸ್ಸಾದರೂ ಅಂಚೆಯಲ್ಲಂತೂ ಕಳಿಸಲೇಬೇಡ, ಅಂಚೆಯವನು ಬಗ್ಗಿಸುತ್ತಾನೆ, ಇಲ್ಲವೇ ಹಿಮದಲ್ಲಿ ಇಟ್ಟು ಹೋಗುತ್ತಾನೆ. ಇಲ್ಲಿ ಉಳಿದದ್ದನ್ನು ದಿಂಬಿನ ಚೀಲದಲ್ಲಿ ಇಟ್ಟಿದ್ದೇನೆ, ಒಗೆದು ಇಸ್ತ್ರಿ ಮಾಡಿದ ಚೀಲ. ಆದರೂ ಇದನ್ನು ಬರೆಯುವ ನಡುವೆ ಎದ್ದು ಹೋಗಿ ಧೂಳು ಕೂತಿದೆಯಾ ಅಂತ ನೋಡಿಬಂದೆ, ಹಾಗೇ ಬಾಗಿಲ ಚಿಲಕವನ್ನೂ.

ಭಾನುವಾರ ಚರ್ಚಿನಿಂದ ಬಂದು, ಟೋಪಿ ತೆಗೆದಿಟ್ಟು, ಊದಿದ ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಅದನ್ನು ಹಾಕುತ್ತೇನೆ. ಮೊದಲು ಎಣ್ಣೆ ಕಾದಂತೆ ಚರಚರ ಸದ್ದು. ಆಮೇಲೆ ಸ್ಯಾಕ್ಸೊಫೋನು, ಎಲ್ಲಿಗೂ ಹೋಗುವ ಅವಸರವಿಲ್ಲದ ಮನುಷ್ಯ ಹೊಸ್ತಿಲಲ್ಲಿ ನಿಂತು ಮಾತಾಡಿದ ಹಾಗೆ. ಆ ಮೊದಲ ಬದಿ ಮುಗಿಯುವ ತನಕ ಗ್ಯಾಸು ಆರಿಸಿದೆನಾ, ಬಾಡಿಗೆಗೆ ಏನು ಮಾಡಲಿ, ಯಾವುದೂ ತಲೆಗೆ ಬರುವುದಿಲ್ಲ. ವಾರವೆಲ್ಲ ಹೆದರುವ ನಾನು ಹೆದರದೆ ಇರುವುದು ಅಷ್ಟು ಹೊತ್ತು. ಅದನ್ನೇ ಹುಟ್ಟುಹಬ್ಬದ ಉಡುಗೊರೆಗೆ ಕೊಡು ಅನ್ನುತ್ತೀಯ ನೀನು.

ಕೊಡುವುದಿಲ್ಲ. ಅವನು ಕವರನ್ನೇ ತಬ್ಬಿಕೊಂಡಿರಲಿ.

ನಿನ್ನ ಅಕ್ಕನಲ್ಲದ,
ಝೆಲ್ಮಾ ಪ್ರೂಯಿಟ್

ಮೇಲೆ ಬರೆಯದೆ ಬಿಟ್ಟದ್ದು: ಎರಡನೇ ಬದಿಯ ನಡುವೆ ಒಂದು ಗೀರು ಇದೆ, ಅವನ ಮೊಣಕೈ ತಾಗಿ ಆದದ್ದು. ಅಲ್ಲಿಗೆ ಬಂದರೆ ಹಾಡು ಮುಂದೆ ಹೋಗುವುದಿಲ್ಲ, ಯಾರಾದರೂ ಎದ್ದು ಮುಳ್ಳು ಎತ್ತುವ ತನಕ ಹೇಳಿದ್ದನ್ನೇ ಹೇಳುತ್ತದೆ. ಅವನು ಕುರ್ಚಿಯಿಂದಲೇ "ಝೆಲ್ಮಾ" ಅಂತ ಕೂಗುತ್ತಿದ್ದ. ನಾನು ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿ ಬರುತ್ತಿದ್ದೆ. ಮುಳ್ಳು ಎತ್ತಿದರೆ ಸಾಕು ಅಂದವನು ಒಂದು ದಿನವೂ ಎತ್ತಿದವನಲ್ಲ. ನಿಮ್ಮ ಮನೆಯಲ್ಲಿ ಈಗ ಅವನು ಕೂಗಿದರೆ ಏಳುವವರು ಯಾರು? ನೀನೇ ಆದರೆ, ಆ ಕವರು ತೆಗೆದುಕೊಂಡು ಭಾನುವಾರ ಬಾ. ಅವನನ್ನು ಕರೆತರಬೇಡ. ಬೋಗುಣಿ ಇನ್ನೊಂದಿದೆ.