ಟ್ಯಾಬಿನ ಮೇಲೆ ಸೂಜಿ

ಜೂನ್ 3, ಸೋಮವಾರ

ಪ್ರಾರ್ಥನೆ ಮುಗಿಸಿ ಕಸೂತಿ ಅಂಗಡಿಗೆ ಹೋದೆ. ಎಂದಿನಂತೆ ತೆಳು ಹಾಳೆಯ ಮೇಲೆ ಬಳ್ಳಿ ಬರೆದೆ, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿದೆ, ಹಾಳೆಯನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಪುಡಿ ಉಜ್ಜಿದೆ. ತೂತುಗಳಿಂದ ಪುಡಿ ಇಳಿದು ಬಳ್ಳಿ ಬಟ್ಟೆಗೆ ಬಂತು. ಅಷ್ಟರಲ್ಲಿ ಯಜಮಾನಿ ಬಂದು ನಿಂತಳು.

"ಅಕ್ಕಾ, ಇನ್ಮೇಲೆ ಚಿತ್ರ ಟ್ಯಾಬಲ್ಲೇ ಬರೀಬೇಕು. ಗಿರಾಕಿಗಳಿಗೆ ಫೋನಲ್ಲಿ ಕಳಿಸ್ಬೇಕು. ಎಲೆ ದಪ್ಪ ಮಾಡಿ ಅಂದ್ರೆ ಅವರ ಎದುರಿಗೇ ಮಾಡಿ ತೋರಿಸ್ಬೇಕು."

"ನನಗೆ ಬರಲ್ವಲ್ಲಮ್ಮ."

"ಕಲೀರಿ. ಹದಿನೆಂಟಕ್ಕೆ ಮದುವೆ ಗಿರಾಕಿ ಬರ್ತಾರೆ. ಅಷ್ಟ್ರಲ್ಲಿ ಆಗ್ಲಿಲ್ಲ ಅಂದ್ರೆ ಚಿತ್ರ ನಮ್ಮಕ್ಕನ ಮಗಳು ಬರೀತಾಳೆ. ನೀವು ಹೊಲಿಯೋಕೆ ಕೂತ್ಕೊಳ್ಳಿ."

ಹೊಲಿಯಬೇಕಂತೆ! ದಾರ ಪೋಣಿಸಲು ಕಣ್ಣೆಲ್ಲಿದೆ ನನಗೆ? ಗೊತ್ತಿದ್ದೇ ಹೇಳಿದಳು. ಹೊಲಿಯಲಾರೆ ಎಂದರೆ ಮನೆಗೆ ಹೋಗು ಎಂದೇ ಅರ್ಥ. ಮೈಯೆಲ್ಲ ಉರಿಯಿತು. ಸುಣ್ಣದ ಕೈ ಸೆರಗಿಗೆ ಒರೆಸಿಕೊಂಡು ಬಂದೆ.

ಜೂನ್ 5, ಬುಧವಾರ

ಹೊಸ ಕನ್ನಡಕಕ್ಕೆಂದು ಇಟ್ಟಿದ್ದ ದುಡ್ಡು ತೆಗೆದುಕೊಂಡು ಮೊಬೈಲ್ ಅಂಗಡಿಗೆ ಹೋದೆ.

"ಅಮ್ಮಾ, ಇದು ನೋಡಿ, ದೊಡ್ಡ ಸ್ಕ್ರೀನು. ಸಿನಿಮಾಕ್ಕೆ ಸೂಪರ್."

"ಸಿನಿಮಾ ಯಾರಿಗಪ್ಪ ಬೇಕು? ಚಿಕ್ಕದು ತೋರಿಸು. ತೊಡೆ ಮೇಲೆ ಕೂರ್ಬೇಕು. ರವಿಕೆ ತೋಳಿನ ಅಂಚಿನ ಹೂವು ಒಂದು ಪೂರ್ತಿ ಹಿಡಿಸ್ಬೇಕು. ಪೆನ್ನು ಒತ್ತಿದ್ರೆ ಗೆರೆ ದಪ್ಪ ಆಗ್ಬೇಕು. ಜಾಸ್ತಿ ದುಡ್ಡಿಲ್ಲ."

"ಎಲ್ಲದ್ರಲ್ಲೂ ಆಗತ್ತೆ ಅಮ್ಮಾ."

ತುದಿಗೆ ರಬ್ಬರ್ ಗುಂಡಿದ್ದ ಪೆನ್ನು ಕೊಟ್ಟ. ಒತ್ತಿದೆ. ಇನ್ನೂ ಒತ್ತಿದೆ. ಗೆರೆ ಒಂದೇ ಸಮ, ಸತ್ತ ಹುಳದ ಹಾಗೆ. ಅಂಗೈ ಊರಿದಲ್ಲೆಲ್ಲ ಚುಕ್ಕೆ.

"ಕೈ ಎತ್ತಿ ಬರೀರಿ ಅಮ್ಮಾ."

"ಕೈ ಊರದೆ ಹೂವು ಬರೆಯೋಕಾಗತ್ತೇನೋ? ನೀನು ಗಾಳೀಲಿ ಕೂತು ಊಟ ಮಾಡ್ತೀಯಾ?"

ನಕ್ಕ. ಈ ವಯಸ್ಸಲ್ಲಿ ನಿಮಗ್ಯಾಕಮ್ಮ ಇದೆಲ್ಲ ಎಂದ. ಎದ್ದುಬಿಟ್ಟೆ. ಬಾಗಿಲು ದಾಟುವಾಗ ಕರೆದ — ಹಳೇ ಮಾಡೆಲ್ ಒಂದಿದೆ, ಸಣ್ಣದು, ಕೊಳ್ಳುವವರಿಲ್ಲ. ಅದರ ಪೆನ್ನಿಗೆ ಚೂಪು ತುದಿ. ಒತ್ತಿದೆ... ಗೆರೆ ಉಬ್ಬಿತು. ಹಗುರ ಮಾಡಿದೆ, ಕೂದಲಾಯಿತು. ಅಂಗೈ ಊರಿದರೂ ಸುಮ್ಮನಿತ್ತು. ಮೊದಲೇ ಇದನ್ನು ತೋರಿಸಲು ಇವನಿಗೇನಾಗಿತ್ತು ಧಾಡಿ?

ತೆಗೆದುಕೊಂಡೆ. ನಾನು ಬೇಡವೆನ್ನುತ್ತಿದ್ದರೂ ಮೇಲೆ ದಪ್ಪನೆಯ ಪ್ಲಾಸ್ಟಿಕ್ ಹಾಳೆ ಅಂಟಿಸಿಬಿಟ್ಟ. "ಸ್ಕ್ರೀನ್ ಗಾರ್ಡ್ ಅಮ್ಮಾ, ಪೇಪರ್ ಮೇಲೆ ಬರೆದ ಹಾಗೇ ಇರತ್ತೆ." ಅದಕ್ಕೆ ಬೇರೆ ದುಡ್ಡು! ಬಸ್ಸಿನ ದುಡ್ಡೂ ಅಲ್ಲೇ ಹೋಯಿತು. "ನಿನ್ನ ಅಂಗಡಿ ಮೆಟ್ಟಿಲು ಇನ್ನೊಂದ್ಸಲ ಹತ್ತಿದ್ರೆ ಕೇಳು!" ಎಂದು ನಾಲ್ಕು ಜನರ ಎದುರಿಗೆ ಕೂಗಿ, ನಡೆದೇ ಬಂದೆ.

ಮನೆಯಲ್ಲಿ ನಾದಿನಿಯ ಕುಹಕ. "ಕನ್ನಡಕ ಬಿಟ್ಟು ಟ್ಯಾಬ್ ತಂದ್ರಾ ಅತ್ತಿಗೆ? ಅದೇ ನಿಮ್ಮನ್ನ ನೋಡ್ಕೊಳ್ಳತ್ತೆ ಬಿಡಿ."

ಜೂನ್ 7, ಶುಕ್ರವಾರ

ಸಂಜೆಯೆಲ್ಲ ಬರೆದ ಬಳ್ಳಿ ಮಾಯ.

"ಸೇವ್ ಮಾಡ್ಲಿಲ್ವಾ ಅತ್ತಿಗೆ?"

"ಹಾಳೆ ಯಾವತ್ತಾದ್ರೂ ಕೇಳಿತ್ತೇನೇ, ಸೇವ್ ಮಾಡ್ಲಾ ಅಂತ?"

ಬಿದ್ದು ಬಿದ್ದು ನಕ್ಕಳು. ಆಮೇಲೆ ಅವಳೇ ಕಲಿಸಿದಳು. ಅದೂ ನನಗೆ ಸಿಟ್ಟೇ.

ಜೂನ್ 15, ಶನಿವಾರ

ಕೈ ಹಿಡಿತಕ್ಕೆ ಬಂದಿದೆ. ಹೂವು ನಾನು ಬರೆದ ಹಾಗೇ ಇದೆ. ಇನ್ನು ಅದನ್ನು ಬಟ್ಟೆಗೆ ಇಳಿಸಿ ಮಾದರಿ ತೋರಿಸಬೇಕು. ಪ್ರಿಂಟ್ ಹಾಕುವವನು ಹೂವನ್ನು ಅಂಗಿಯ ಗುಂಡಿಯಷ್ಟು ಮಾಡಿ ಕೊಟ್ಟ. ಕೇಳಿದರೆ ಸೆಟ್ಟಿಂಗ್ ಅಂತೆ. ಚೆನ್ನಾಗಿ ಬೈದೆ. ನಾಳೆ ಅವನ ಅಂಗಡಿ ರಜೆ.

ಜೂನ್ 16, ಭಾನುವಾರ

ಹೇಗೆ ಬರೆಯಲಿ ಇದನ್ನು.

ಪ್ರಿಂಟ್ ಇಲ್ಲದಿದ್ದರೇನು ಎಂದು ಟ್ಯಾಬಿನ ಮೇಲೇ ತೆಳು ಹಾಳೆ ಹಾಸಿದೆ. ಕೆಳಗಿನ ಬೆಳಕಿಗೆ ಗೆರೆ ಎಷ್ಟು ಚೆನ್ನಾಗಿ ಕಂಡಿತು! ಕಾಣುತ್ತಿರುವುದನ್ನು ಮತ್ತೆ ಪೆನ್ಸಿಲ್ಲಲ್ಲಿ ಯಾಕೆ ತೀಡಬೇಕು... ಸೂಜಿಯನ್ನೇ ತೆಗೆದುಕೊಂಡೆ. ನಾದಿನಿಯ ಜೊತೆ ಯಜಮಾನಿಯನ್ನು ಬೈಯುತ್ತ ಬೈಯುತ್ತ ಚುಚ್ಚಿದೆ. ಕೈ ಅದರ ಪಾಡಿಗೆ ಹೋಗುತ್ತಿತ್ತು. ಹೂವು ಮುಗಿಯುತ್ತ ಬಂದಾಗ ಅವಳು ಮಾತು ನಿಲ್ಲಿಸಿದಳು.

"ಅತ್ತಿಗೆ... ಕೆಳಗೇನಿದೆ ನೋಡಿ."

ಚುಚ್ಚುವಾಗ ಯಾವಾಗಲೂ ಕೆಳಗೆ ಮಡಿಸಿದ ಕಂಬಳಿ ಇರುತ್ತದೆ. ಕೈಗೆ ಅಷ್ಟೇ ಗೊತ್ತು.

ಪರದೆ ತುಂಬ ತೂತು. ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವಾದರೂ ಆಡುತ್ತಿದ್ದೆ.

ದೇವರೇ, ದಿನಾ ಬೆಳಗ್ಗೆ ಎದ್ದು ನಿನ್ನ ಹೆಸರು ಹೇಳುವವಳು ನಾನು. ಕೈ ಹಿಡಿದು ನಿಲ್ಲಿಸಲು ನಿನಗೇನಾಗಿತ್ತು? ಇವತ್ತು ನಿನ್ನ ಜೊತೆ ಮಾತಿಲ್ಲ.

ಜೂನ್ 17, ಸೋಮವಾರ

ಪ್ರಾರ್ಥನೆ ಮಾಡಲಿಲ್ಲ. ಮಾಡದೆ ಇರಲೂ ಆಗದೆ ಸುಮ್ಮನೆ ಕೂತಿದ್ದೆ. ಸಿಟ್ಟಿಗೆ ಟ್ಯಾಬಿನ ಮೂಲೆ ಕೆರೆದೆ. ಪ್ಲಾಸ್ಟಿಕ್ ಹಾಳೆ ಎದ್ದು ಬಂತು. ಕೆಳಗೆ ಗಾಜು... ಒಂದು ಗೀರೂ ಇಲ್ಲ! ತೂತೆಲ್ಲ ಆ ದರಿದ್ರ ಹಾಳೆಗೇ.

ಹಾಳೆಯನ್ನು ಕಿಟಕಿಗೆ ಹಿಡಿದೆ. ನನ್ನ ಹೂವು, ಬೆಳಕಿನ ಚುಕ್ಕೆಗಳಲ್ಲಿ. ಒಂದು ಎಸಳೂ ತಪ್ಪಿಲ್ಲ. ಬಟ್ಟೆ ಹಾಸಿ, ಮೇಲೆ ಅದನ್ನಿಟ್ಟು ಪುಡಿ ಉಜ್ಜಿದೆ. ಇಷ್ಟು ಸ್ವಚ್ಛ ಗೆರೆ ಕಾಗದದಲ್ಲಿ ನನಗೆ ಎಂದೂ ಬಂದಿಲ್ಲ. ನಾದಿನಿ ಬಟ್ಟೆಯನ್ನು ಎರಡು ಸಲ ಮುಟ್ಟಿ ನೋಡಿದಳು.

ಸಂಜೆ ಪ್ರಾರ್ಥನೆ ಮಾಡಿದೆ. ಚಿಕ್ಕದಾಗಿ.

ಜೂನ್ 18, ಮಂಗಳವಾರ

ಗಿರಾಕಿ ಎಲೆ ದಪ್ಪ ಬೇಕೆಂದರು. ಅವರ ಎದುರಿಗೇ ಮಾಡಿದೆ. ಬರಿಯ ಗಾಜಿನ ಮೇಲೆ ಪೆನ್ನು ಎಣ್ಣೆಯಲ್ಲಿ ಜಾರಿದ ಹಾಗೆ ಜಾರಿತು, ಹಲ್ಲು ಕಚ್ಚಿ ಎಳೆದೆ. ಮಾದರಿ ಬಟ್ಟೆ ನೋಡಿ ತೋಳಿನ ಕೆಲಸವೆಲ್ಲ ನಮಗೇ ಕೊಟ್ಟು ಹೋದರು. ಯಜಮಾನಿಯ ಅಕ್ಕನ ಮಗಳು ಮೂಲೆಯಲ್ಲಿ ಫೋನ್ ಒತ್ತುತ್ತಿದ್ದಳು.

ಯಜಮಾನಿ ತೂತಿನ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಚಿತ್ರದ ಕೆಲ್ಸ ನಿಮ್ಮ ಹತ್ರಾನೇ ಇರ್ಲಿ ಅಕ್ಕಾ. ಇದೇನು, ಹರಿಯೋದೇ ಇಲ್ವಲ್ಲ! ಎಲ್ಲಿ ಸಿಗತ್ತೆ? ನಾಳೆ ಹೋಗಿ ಒಂದು ಡಜನ್ ತಂದ್ಬಿಡಿ."

ನಾಳೆ. ಆ ಮೊಬೈಲ್ ಅಂಗಡಿಗೆ. ಆ ಹಳೇ ಮಾಡೆಲ್ಲಿನ ಗಾರ್ಡು ಇಡೀ ಊರಲ್ಲಿ ಬೇರೆಲ್ಲೂ ಇಲ್ಲ, ನಾದಿನಿ ಫೋನ್ ಮಾಡಿ ವಿಚಾರಿಸಿದಳು. ಮೆಟ್ಟಿಲು ಹತ್ತಲೇಬೇಕು. ಹತ್ತಿ, ಆ ಹಲ್ಕಿರಿಯುವವನ ಮುಖ ನೋಡಿ, "ಅಪ್ಪಾ, ಅವತ್ತು ನಾನು ಬೇಡ ಅಂದ್ನಲ್ಲ, ಅದು..." ಎಂದು—